ಗೋರಿಸ್ ಹೋಮ್‌ಸ್ಟೇ ರಿವ್ಯೂ: ಊಟಕ್ಕ ಗಾಡಿ ನಿಲ್ಲಿಸಿ ಓಡೋ ಊರಲ್ರಿ ಇದು

ದಕ್ಷಿಣ ಅರ್ಮೇನಿಯಾದ ಗೋರಿಸ್ ಊರಾಗ ನಾವು ಉಳದ ಮನಿ ರಿವ್ಯೂ ಇದು. ಮೊದಲ ಸ್ಟಾರ್ ಹೇಳಿಬಿಡ್ತೇನಿ, ಆಮ್ಯಾಲ ಪೂರಾ ಓದೋದು ಬಿಡೋದು ನಿಮಗ ಬಿಟ್ಟಿದ್ದು. ಮನಿಗೆ ನಾಲ್ಕೂವರಿ, ಅಡ್ಗಿಗೆ ಐದಕ್ಕ ಐದು, ಬಾತ್‌ರೂಮಿಗೆ ಮೂರು, ಡ್ರೈವರ್‌ಗೆ ಐದು. ಮತ್ತ ರಾಜಧಾನಿ ಯೆರೆವಾನ್‌ದಾಗ ಮಾರತಾರಲ್ಲ, "ಒಂದ ದಿನದಾಗ ತಾತೆವ್, ಗೋರಿಸ್, ಖ್ನ್‌ಝೋರೆಸ್ಕ್ ಎಲ್ಲಾ" ಅಂತ, ಆ ಥರದ ಪ್ಯಾಕೇಜಿಗೆ ಒಂದೂವರಿ, ಅದೂ ಎಸಿ ಛಲೋ ಇತ್ತು ಅಂತ.

ಇದನ್ನ ಯಾರ ಸಲುವಾಗಿ ಬರೀಲಿಕತ್ತೇನಿ ಅಂದ್ರ ನಮ್ಮ ವಿಜಯಪುರ, ಬಾಗಲಕೋಟಿ, ಬೆಳಗಾವಿ ಕಡಿಂದ ಮಕ್ಕಳನ್ನ ಅರ್ಮೇನಿಯಾಕ್ಕ ಎಂಬಿಬಿಎಸ್ ಓದಾಕ ಕಳಿಸ್ಯಾರಲ್ಲ, ಆ ತಂದಿ ತಾಯಿ ಸಲುವಾಗಿ. ಮಕ್ಕಳನ್ನ ನೋಡಾಕಂತ ಹೋಗ್ತೀರಿ, ಹಾಸ್ಟೆಲ್ ನೋಡ್ತೀರಿ, ಚಟ್ನಿಪುಡಿ ಶೇಂಗಾ ಹಿಂಡಿ ಕೊಡ್ತೀರಿ, ಯೆರೆವಾನ್‌ದಾಗ ರಿಪಬ್ಲಿಕ್ ಚೌಕ, ಕ್ಯಾಸ್ಕೇಡ್ ಮೆಟ್ಟಿಲು ಹತ್ತಿ ಇಳೀತೀರಿ, ಆಮ್ಯಾಲ ಏನ ಮಾಡೋದು ಅಂತ ಕುಂತಾಗ ಯಾರೋ ಒಬ್ಬ ಏಜೆಂಟ್ ಫೋನ್‌ದಾಗ ಫೋಟೋ ತೋರಿಸಿ ಈ ಒಂದ ದಿನದ ಟೂರ್ ಕಟ್ಟಿಬಿಡ್ತಾನ. ನಮ್ಮ ಅಕ್ಕನ ಮಗಳು ಅಲ್ಲೇ ಓದತಾಳ, ಅಕ್ಕ ಮತ್ತ ಭಾವ ಮೊದಲ ಸಲ ಹೋದಾಗ ಇದ ಟೂರ್ ಮಾಡ್ಯಾರ, ಗೋರಿಸ್ ಹೆಂಗಿತ್ತು ಅಂತ ಕೇಳಿದ್ರ ಭಾವ "ಅಲ್ಲಿ ಬಟಾಟಿ ಛಲೋ ಕರೀತಾರ" ಅಂದ. ಅಷ್ಟ ನೆನಪು. ಅವರ ತಪ್ಪಲ್ಲ ಅದು, ಯೆರೆವಾನ್‌ದಿಂದ ಗೋರಿಸ್ 240 ಕಿಲೋಮೀಟರ್ ಹತ್ರ ಐತಿ, ಭಾಳಷ್ಟು ಗುಡ್ಡದ ರೋಡು, ಹೋಗಾಕ ನಾಲ್ಕು ತಾಸಿಗೂ ಜಾಸ್ತಿ ಬರಾಕ ಅಷ್ಟ, ಅಂದಮ್ಯಾಲ ಆ ಊರಾಗ ನಿಂತು ನೋಡಾಕ ಟೈಮ್ ಎಲ್ಲೈತಿ? ಗೈಡ್ ಊಟದ ಹೋಟೆಲ್ ಬಾಗಿಲಿಗೆ ಇಳಿಸಿ "ನಲವತ್ತು ನಿಮಿಷ" ಅಂತಾಳ, ಆ ನಲವತ್ತು ನಿಮಿಷ ಮೆನು ಕಾರ್ಡಿಗೇ ಹೋಗ್ತೈತಿ.

ಅದಕ್ಕ ಈ ಸಲ ನಾನು, ಅಕ್ಕ, ಭಾವ, ಅವ್ವ ಎಲ್ಲಾರೂ ಹೋದಾಗ ಅಕ್ಕನ ಮಗಳು ಬ್ಯಾರೇನ ವ್ಯವಸ್ಥಾ ಮಾಡಿದ್ಲು. ಆಕಿ ಕ್ಲಾಸ್‌ಮೇಟ್ ಒಬ್ಬಾಕಿದು ಗೋರಿಸ್ ಊರು, ಆಕಿ ಅಜ್ಜಿ ಮನಿಯೊಳಗ ಎರಡು ರೂಮ್ ಬಾಡಿಗಿಗೆ ಕೊಡ್ತಾರ, ಬೋರ್ಡ್ ಗೀರ್ಡ್ ಏನಿಲ್ಲ ಹೆಸರೂ ಇಲ್ಲ, ಅವರದ ಓಣ್ಯಾಗಿನ ಒಬ್ಬ ಗಾಡಿ ತಗೊಂಡು ಯೆರೆವಾನ್‌ಗೆ ಬಂದು ಕರ್ಕೊಂಡು ಹೋಗ್ತಾನ. ಇಂಥಾ ಮನಿ ಆ ಊರಾಗ ಭಾಳ ಅದಾವ, ಬುಕಿಂಗ್ ಆ್ಯಪ್‌ದಾಗ ಗೋರಿಸ್ ಅಂತ ಹೊಡದ್ರ ಸಾಲಾಗಿ ಬರ್ತಾವ, ಹಂಗಾಗಿ ಇದ ಮನಿನ ಬೇಕು ಅಂತಿಲ್ಲ.

ರೋಡಿನ ಬಗ್ಗೆ ಸ್ವಲ್ಪ. ಮೊದಲ ಅರಾರತ್ ಬಯಲು ಬರ್ತೈತಿ, ಸಪಾಟ ಹೊಲ, ಜರದಾಳು ದ್ರಾಕ್ಷಿ ತ್ವಾಟ, ಬಲಕ್ಕ ಅರಾರತ್ ಪರ್ವತ, ಅದು ಈಗ ಟರ್ಕಿಯೊಳಗ ಐತಿ ಆದ್ರ ಕಾಣೋದು ಇಲ್ಲಿಂದ. ಮುಂದ ಅರೇನಿ ಅಂತ ವೈನ್‌ದ ಊರು. ನಮ್ಮ ವಿಜಯಪುರದ ದ್ರಾಕ್ಷಿ ಮಂದಿ ಅಲ್ಲಿ ನಿಲ್ಲದ ಮುಂದ ಹೋಗಂಗಿಲ್ಲ ಬಿಡ್ರಿ, ಭಾವ ಇಳದು ಬಳ್ಳಿ ಮುಟ್ಟಿ ನೋಡಿ "ಚಪ್ಪರಾನ ಇಲ್ಲಲೋ" ಅಂತ ಲೆಕ್ಕ ಹಾಕಾಕ ಶುರು ಮಾಡಿದ, ಎಬ್ಬಿಸಿಕೊಂಡು ಬರೋದ ತ್ರಾಸ ಆತು. ಅಲ್ಲಿಂದ ರೋಡು ಏರತೈತಿ ಏರತೈತಿ, ವೊರೊತಾನ್ ಘಾಟ್ ಅಂತ 2,300 ಮೀಟರ್‌ಗೂ ಮ್ಯಾಲ ಹೋಗ್ತೈತಿ, ಅದು ದಾಟಿದ್ರ ಸ್ಯುನಿಕ್ ಜಿಲ್ಲಾ. ಒಂದ ಗಿಡ ಇಲ್ಲ ಅಲ್ಲಿ, ಬರೇ ಹುಲ್ಲು, ಗಾಳಿ, ಕುರಿ. ಎದರಿಗೆ ಇರಾನ್‌ದ ಟ್ರಕ್ ಬರ್ತಾವ ಒಂದರ ಹಿಂದ ಒಂದು, ಯಾಕಂದ್ರ ಅರ್ಮೇನಿಯಾಕ್ಕ ಟರ್ಕಿ ಗಡಿನೂ ಬಂದ್, ಅಜರ್‌ಬೈಜಾನ್ ಗಡಿನೂ ಬಂದ್, ಉಳಿದಿದ್ದು ಮ್ಯಾಲ ಜಾರ್ಜಿಯಾ ಕೆಳಗ ಇರಾನ್, ಇರಾನ್‌ಗೆ ಹೋಗೋ ರೋಡು ಅಂದ್ರ ಇದೊಂದ. ಸಿಸಿಯಾನ್ ಊರಿನ ಹತ್ರ ಝೊರಾತ್ಸ್ ಕಾರೇರ್ ಅಂತ ಬಯಲಾಗ ನಿಲ್ಲಿಸಿದ ಕಲ್ಲು ಅದಾವ, ಸುಮಾರು 220, ಅದ್ರಾಗ ಕೆಲವಕ್ಕ ಮ್ಯಾಲ ತೂತು ಕೊರದಾರ, ನಕ್ಷತ್ರ ನೋಡಾಕ ಅಂತ ಕೆಲವರು, ಸಮಾಧಿ ಅಂತ ಕೆಲವರು. ಗಾಳಿ ಭಾಳ ಇತ್ತು, ಲಗೂನ ಗಾಡಿ ಹತ್ತಿದ್ವಿ.

ಆಮ್ಯಾಲ ರೋಡು ಒಮ್ಮಿಂದೊಮ್ಮೆ ಕೆಳಗ ಬೀಳತೈತಿ, ತಿರುವು ತಿರುವು, ಕೆಳಗ ಬಟ್ಟಲಾಕಾರದ ಕಣಿವಿಯೊಳಗ ಗೋರಿಸ್. ಕೆಳಗ ಅಂದ್ರೂ 1,400 ಮೀಟರ್ ಹತ್ರ ಐತಿ, ನಮ್ಮೂರು ಬರೇ 600. ಜೂನ್ ತಿಂಗಳದಾಗೂ ರಾತ್ರಿ ಸ್ವೆಟರ್ ಬೇಕಾತು. ಊರಿನ ಒಂದ ಬಾಜೂ ಗುಡ್ಡದ ತುಂಬ ಚೂಪನ ಕಲ್ಲಿನ ಕಂಬ ಎದ್ದಾವ, ಸುಗ್ಗಿ ಮುಗಿದ ಮ್ಯಾಲ ಬಣವಿ ಸಾಲಾಗಿ ಒಟ್ಟಿದಂಗ ಕಾಣ್ತಾವ ದೂರದಿಂದ. ಜ್ವಾಲಾಮುಖಿ ಬೂದಿ ಗಟ್ಟಿಯಾಗಿ ಆದ ಕಲ್ಲದು, ಟಫ್ ಅಂತಾರ, ಮೆತ್ತಗಿರ್ತೈತಿ, ಮಳಿ ಗಾಳಿಗೆ ಸವದು ಸವದು ಗಟ್ಟಿ ಭಾಗ ಅಷ್ಟ ನಿಂತೈತಿ.

ಮನಿ ವಿಷಯಕ್ಕ ಬರೋಣು. ಎರಡು ಅಂತಸ್ತಿನ ಕರೀ ಕಲ್ಲಿನ ಮನಿ, ಕೆಳಗ ಕಮಾನಿನ ಬಾಗಿಲಾ, ಮ್ಯಾಲ ಕಟಗಿ ಬಾಲ್ಕನಿ, ಹಿತ್ತಲದಾಗ ತೂತಿ (ಹಿಪ್ಪನೇರಳೆ) ಹಣ್ಣಿನ ಗಿಡ. ಊರ ತುಂಬ ಮನಿ ಹಿಂಗ ಅದಾವ, ಓಣಿ ಎಲ್ಲಾ ನೂಲು ಹಿಡದಂಗ ನೆಟ್ಟಗ, ಚೌಕ ಚೌಕ, ಎಲ್ಲಿ ನಿಂತ್ರೂ ದಾರಿ ತಪ್ಪಂಗಿಲ್ಲ. ಇದರ ಕಾರಣ ಏನಪಾ ಅಂದ್ರ ಈ ಊರು ತಾನಾಗಿ ಬೆಳದಿದ್ದಲ್ಲ. ರಷ್ಯಾದ ಝಾರ್ ಆಡಳಿತದಾಗ 1868ಕ್ಕ ಝಂಗೆಜೂರ್ ಅಂತ ಒಂದ ತಾಲೂಕಿನಂಥಾದ್ದು ಮಾಡಿದ್ರು, ಅದಕ್ಕ ಕಚೇರಿ ಊರು ಬೇಕಿತ್ತು, 1870ರಾಗ ಹೊಳಿ ಈ ಕಡಿ ಸಪಾಟ ಜಾಗಾದಾಗ ನಕ್ಷಾ ಹಾಕಿ ಹೊಸಾ ಊರು ಕಟ್ಟಿದ್ರು. ಅದಕ್ಕಿಂತ ಮುಂಚೆ ಇದ್ದ ಊರು ಹೊಳಿ ಆ ಕಡಿ, ಆ ಕಲ್ಲಿನ ಕಂಬದ ಹೊಟ್ಟಿಯೊಳಗ! ಗುಹಾ ಕೊರದು ಮನಿ ಮಾಡಿಕೊಂಡಿದ್ರು ಮಂದಿ, ಇಪ್ಪತ್ತನೇ ಶತಮಾನದ ತನಕ ಅದ್ರಾಗ ಬಾಳೇವು ಮಾಡ್ಯಾರ.

ಮುಂಜಾನಿ ಚಹಾ ಕುಡದು ನಡಕೊಂಡ ಹೋದ್ರ ಹಳೇ ಗೋರಿಸ್ ಮುಟ್ಟಬಹುದು, ಇದ ನೋಡ್ರಿ ಈ ಮನ್ಯಾಗ ಉಳಿಯೋ ದೊಡ್ಡ ಲಾಭ. ಟಿಕೆಟ್ ಇಲ್ಲ, ಗೇಟ್ ಇಲ್ಲ, ಕಾವಲುಗಾರ ಇಲ್ಲ, ಹುಲ್ಲಾಗ ಕಾಲ್ದಾರಿ ಹಿಡದು ಏರೋದು. ಬಾದಾಮಿ ನೋಡಿದ ಕಣ್ಣಿಗೆ ಅಲ್ಲಿ ಏನೂ ಇಲ್ಲ ಅನಸ್ತೈತಿ ಮೊದಲಿಗೆ, ಬಾದಾಮಿದು ಆರನೇ ಶತಮಾನದ ಚಾಲುಕ್ಯರ ಕೆಲಸ, ರಾಜಾ ರೊಕ್ಕ ಹಾಕಿ ದೇವರಿಗೆ ಕೊರಸಿದ್ದು, ಕಂಬಕ್ಕ ಛತ್ತಿಗೆ ಎಲ್ಲಾ ಶಿಲ್ಪ. ಇಲ್ಲಿ ಶಿಲ್ಪ ಹುಡುಕಬ್ಯಾಡ್ರಿ. ಸಾದಾ ಮಂದಿ ತಮ್ಮ ಸಂಸಾರಕ್ಕ ತಾವ ಕೊರಕೊಂಡಿದ್ದು, ಗ್ವಾಡ್ಯಾಗ ಸಾಮಾನ ಇಡೋ ಮಾಡ, ಹೊಗಿ ಹತ್ತಿ ಕರ್ರಗಾದ ಛತ್ತು, ಕೆಲವು ಗುಹಾದಾಗ ಇನ್ನೂ ದನದ ವಾಸನಿ, ಈಗೀಗೂ ಕೊಟ್ಟಿಗಿ ಮಾಡಿಕೊಂಡಿರ್ತಾರ. ನನಗಂತೂ ಇದ ಹೆಚ್ಚು ಸೇರ್ತು. ಅವ್ವಗ ಮಣಕಾಲು ನೋವು, ಆಕಿ ಕೆಳಗ ಬಂಡಿ ಮ್ಯಾಲ ಕುಂತು "ಇಷ್ಟ ಥಂಡಿ ಊರಾಗ ಗುಹಾದಾಗ ಇರೋದ ಶಾಣೇತನ ನೋಡ, ಬ್ಯಾಸಗ್ಯಾಗ ತಂಪು ಚಳಿಗಾಲದಾಗ ಬೆಚ್ಚಗ" ಅಂದ್ಲು. ಯಾವ ಗೈಡೂ ಇಷ್ಟು ಸರಳ ಹೇಳಿರಲಿಲ್ಲ.

ಊರ ನಡುವ ಅಕ್ಸೆಲ್ ಬಕುಂತ್ಸ್ ಅಂತ ಲೇಖಕರ ಮನಿ ಮ್ಯೂಜಿಯಂ ಐತಿ, ಇದನ್ನ ಟೂರ್ ಬಸ್‌ದವರು ಯಾರೂ ತೋರಸಂಗಿಲ್ಲ. 1899ರಾಗ ಇದ ಊರಾಗ ಹುಟ್ಟಿದವರು, ಓದಿದ್ದು ಕೃಷಿ, ಊರಿಗೆ ವಾಪಸ್ ಬಂದು ಕೃಷಿ ತಜ್ಞರಾಗಿ ಕೆಲಸ ಮಾಡ್ಕೋತ ಈ ಗುಡ್ಡದ ಮಂದಿ ಕತಿ ಬರದ್ರು, ಸ್ಟಾಲಿನ್ ಕಾಲದಾಗ 1936ರಾಗ ಹಿಡಕೊಂಡು ಹೋಗಿ 1937ರಾಗ ಗುಂಡು ಹಾಕಿ ಕೊಂದ್ರು. ಮನಿ ಸಣ್ಣದು, ಅಂಗಳ ಛಲೋ, ಬೋರ್ಡೆಲ್ಲಾ ಅರ್ಮೇನಿಯನ್ ರಷ್ಯನ್ ಭಾಷಾದಾಗ, ಅಕ್ಕನ ಮಗಳು ಇರಲಿಲ್ಲ ಅಂದ್ರ ನಮಗ ಖುರ್ಚಿ ಟೇಬಲ್ ನೋಡಿ ಬರಬೇಕಾಗ್ತಿತ್ತು. ಅಲ್ಲಿ ನೋಡಿಕೊಳ್ಳೋ ಬಾಯಿ ಇನ್ನೊಂದ ವಿಷಯ ಹೇಳಿದ್ರು, 1921ರಾಗ ಈ ಊರು ರಾಜಧಾನಿ ಆಗಿತ್ತಂತ. ಅರ್ಮೇನಿಯಾ ಎಲ್ಲಾ ಬೊಲ್ಶೆವಿಕ್ ಅಂದ್ರ ರಷ್ಯಾದ ಕಮ್ಯುನಿಸ್ಟ್ ಮಂದಿ ಕೈಗೆ ಹೋದ್ರೂ ಗರೆಗಿನ್ ನ್ಜ್‌ದೆಹ್ ಅಂಬೋ ಸೇನಾಧಿಕಾರಿ ಈ ಗುಡ್ಡದ ಸೀಮಿ ಬಿಟ್ಟುಕೊಡಲಿಲ್ಲ, ಏಪ್ರಿಲ್‌ದಾಗ ಪರ್ವತ ಅರ್ಮೇನಿಯಾ ಗಣರಾಜ್ಯ ಅಂತ ಘೋಷಣಾ ಮಾಡಿ ಗೋರಿಸ್ ರಾಜಧಾನಿ ಅಂದ್ರು, ಜುಲೈದಾಗ ಮುಗೀತು, ನ್ಜ್‌ದೆಹ್ ಗಡಿ ಹೊಳಿ ದಾಟಿ ಇರಾನ್‌ಗೆ ಹೋದ್ರು. ಮೂರು ತಿಂಗಳೂ ತುಂಬಲಿಲ್ಲ. ಆದ್ರ ಆ ಜಗ್ಗಾಟದಿಂದನ ಸ್ಯುನಿಕ್ ಸೋವಿಯತ್ ಅರ್ಮೇನಿಯಾದೊಳಗ ಉಳೀತು, ಅಜರ್‌ಬೈಜಾನ್‌ಗೆ ಹೋಗಲಿಲ್ಲ ಅಂತ ಅಲ್ಲಿ ಮಂದಿ ನಂಬಿಕಿ. ನಕ್ಷಾ ತಗದು ನೋಡ್ರಿ, ಪೂರ್ವಕ್ಕ ಅಜರ್‌ಬೈಜಾನ್, ಪಶ್ಚಿಮಕ್ಕ ಅದರದ ನಖಿಚೆವಾನ್, ದಕ್ಷಿಣಕ್ಕ ಇರಾನ್, ನಡುವ ಸಣ್ಣಗ ಜೋತುಬಿದ್ದ ಪಟ್ಟಿ ಇದು, ಈ ಪಟ್ಟಿ ಹೋದ್ರ ಇರಾನ್ ರೋಡೂ ಹೋತು. ಬರುವಾಗ ನೋಡಿದ ಟ್ರಕ್ಕಿನ ಸಾಲು ಆವಾಗ ತಲಿಗೆ ಹೊಳೀತು.

ಅಡ್ಗಿ. ಇದರ ಬಗ್ಗೆ ನಾನು ಜರಾ ಉದ್ದ ಬರೀತೇನಿ ಯಾಕಂದ್ರ ನಮ್ಮದು ಲಿಂಗಾಯತ ಮನಿ, ತತ್ತಿ ಸುದ್ದಾ ಇಲ್ಲ, ಅರ್ಮೇನಿಯಾದಾಗ ಊಟದ್ದ ದೊಡ್ಡ ಚಿಂತಿ. ಯೆರೆವಾನ್ ಹೋಟೆಲ್‌ದಾಗ ವೆಜ್ ಅಂದ್ರ ಸೌತಿಕಾಯಿ ಟೊಮೆಟೊ ಹೆಚ್ಚಿ ಇಡ್ತಾರ. ಈ ಮನಿ ಅಜ್ಜಿ, ತಾತಿಕ್ ಅಂತಾರ ಅಜ್ಜಿಗೆ ಅಲ್ಲಿ, ನಾವೂ ಹಂಗ ಕರದ್ವಿ, ಆಕಿ ಮೊದಲ ದಿನಾನ ಝಿಂಗ್ಯಾಲೊವ್ ಹಾತ್ಸ್ ಮಾಡಿ ಹಾಕಿದ್ಲು. ತೆಳ್ಳಗ ಲಟ್ಟಿಸಿದ ಹಿಟ್ಟಿನೊಳಗ ಹತ್ತಿಪ್ಪತ್ತು ನಮೂನಿ ಕಾಡಸೊಪ್ಪು ಸಣ್ಣಗ ಹೆಚ್ಚಿ ತುಂಬಿ, ಬಾಯಿ ಮುಚ್ಚಿ, ಚಪ್ಪಟಿ ಮಾಡಿ ಹಂಚಿನ ಮ್ಯಾಲ ಬೇಸ್ತಾರ. ಮಾಂಸ ಇಲ್ಲ, ಹಾಲು ತುಪ್ಪಾನೂ ಇಲ್ಲ, ಸೊಪ್ಪಿನ ಹುಳಿ ಒಗರು ಅಷ್ಟ. ಅವ್ವ ಚೀಲದಾಗಿನ ಕೆಂಪ ಚಟ್ನಿ ತಗದು ಅದಕ್ಕ ಹಚ್ಚಿ ತಿಂದ್ಲು, ತಾತಿಕ್‌ಗೂ ಒಂದ ತುತ್ತು ಕೊಟ್ಲು, ಪಾಪ ಕಣ್ಣಾಗ ನೀರು ಬಂದ್ರೂ ಇನ್ನೊಂದ ಚೂರು ಕೇಳಿ ಇಸಗೊಂಡ್ಲು ಮುದುಕಿ. ಗೋರಿಸ್ ಬೀನ್ಸ್ ಕಾಳಿಗೆ ಹೆಸರಾದ ಊರು, ಉಳ್ಳಾಗಡ್ಡಿ ಅಕ್ರೋಟ ಹಾಕಿ ಮಾಡಿದ ಕಾಳಿನ ಪಲ್ಯಾ, ಬೆಳ್ಳುಳ್ಳಿ ಮೊಸರು, ತೊನಿರ್ ಭಟ್ಟಿ ಗ್ವಾಡಿಗೆ ಬಡದು ಬೇಸಿದ ಲವಾಶ್ ರೊಟ್ಟಿ, ತೂತಿ ಹಣ್ಣಿನ ದೊಶಾಬ್ ಅಂತ ಕಾಕಂಬಿ. ಮೊಸರಿನ ಸಾರು ಮಾಡತಾರ ಗೋಧಿ ಹಾಕಿ, ಸ್ಪಾಸ್ ಅಂತ, ಅದ್ರಾಗ ಕೆಲವರು ತತ್ತಿ ಒಡದು ಹಾಕ್ತಾರ, ಮೊದಲ ಕೇಳಿಕೊಳ್ರಿ. ಮತ್ತ ಒಂದ ಉಪಾಯ, ಈಸ್ಟರ್ ಮುಂಚೆ ಅವರದ ಉಪವಾಸದ ಕಾಲ ಇರ್ತೈತಿ, ಮಾಂಸ ಹಾಲು ತತ್ತಿ ಎಲ್ಲಾ ಬಿಡ್ತಾರ, ಆ ಅಡ್ಗಿ ಬೇಕು ಅಂತ ಹೇಳಿದ್ರ ಯಾವ ಕಾಲದಾಗ ಹೋದ್ರೂ ಅವರಿಗೆ ಪಟ್ಟನ ತಿಳೀತೈತಿ. ತೂತಿ ಹಣ್ಣಿನ ಶೆರೆನೂ ಕಾಸ್ತಾರ, ಭಾವ ಒಂದ ಗ್ಲಾಸ್ ಹಾಕಿ ಮರುದಿನ ಹತ್ತು ಗಂಟೆ ಮಟ ಏಳಲಿಲ್ಲ, ಅದರ ರಿವ್ಯೂ ಅವನ ಬರೀಲಿ.

ತಾತೆವ್ ರೋಪ್‌ವೇ ಬಗ್ಗೆ ಎಲ್ಲಾರೂ ಕೇಳ್ತೀರಿ. ಗೋರಿಸ್‌ದಿಂದ ಹಲಿಝೋರ್ ಹಳ್ಳಿ ಅರ್ಧ ತಾಸಿನ ದಾರಿ, ಅಲ್ಲಿಂದ ವೊರೊತಾನ್ ಕಣಿವಿ ದಾಟಿ ತಾತೆವ್ ಮಠದ ಬಾಜೂ ಇಳಿಸ್ತೈತಿ. 2010ರ ಅಕ್ಟೋಬರ್‌ದಾಗ ಶುರುವಾಗಿದ್ದು, 5,752 ಮೀಟರ್ ಉದ್ದ, ನಡುವ ಎಲ್ಲೂ ನಿಲ್ಲಂಗಿಲ್ಲ, ಅದಕ್ಕ ಗಿನ್ನೆಸ್ ದಾಖಲಿ ಐತಿ. ಒಂದ ಕ್ಯಾಬಿನ್‌ದಾಗ 25 ಮಂದಿ, ಹನ್ನೆರಡು ನಿಮಿಷ ಹತ್ರ, ಒಂದ ಕಡಿ ಕೆಳಗಿನ ನೆಲ 320 ಮೀಟರ್ ಆಳಕ್ಕ ಹೋಗ್ತೈತಿ. ಗೋರಿಸ್‌ದಾಗ ಇದ್ರ ಮುಂಜಾನಿ ಮೊದಲಿನ ಕ್ಯಾಬಿನ್ ಸಿಗ್ತೈತಿ, ಯೆರೆವಾನ್ ಬಸ್ಸೆಲ್ಲಾ ಬರೋದ ಮಧ್ಯಾಹ್ನ, ಆವಾಗ ಸಾಲು ನೋಡಬೇಕು ನೀವು. ಆನ್‌ಲೈನ್ ಟಿಕೆಟ್ ತಗೊಳ್ರಿ. ಗಾಳಿ ಜೋರಿದ್ರ ನಿಲ್ಲಿಸ್ತಾರ, ಇದೂ ಒಂದ ದಿನದ ಟೂರ್ ಬ್ಯಾಡ ಅನ್ನಾಕ ಕಾರಣ, ಇವತ್ತು ತಪ್ಪಿದ್ರ ನಾಳಿ ಹೋಗಬಹುದು.

ಮಠ ಒಂಬತ್ತನೇ ಶತಮಾನದ್ದು, ಪೌಲ ಪೇತ್ರರ ದೊಡ್ಡ ಚರ್ಚ್ 895ರಿಂದ 906ರೊಳಗ ಕಟ್ಟಿದ್ದು, 1931ರ ಭೂಕಂಪಕ್ಕ ಗುಮ್ಮಟ ಬಿದ್ದು ಮತ್ತ ಎಬ್ಬಿಸ್ಯಾರ. ಹದಿನಾಲ್ಕು ಹದಿನೈದನೇ ಶತಮಾನದಾಗ ಇಲ್ಲೊಂದ ವಿಶ್ವವಿದ್ಯಾಲಯ ಇತ್ತು, ಗ್ರಿಗೋರ್ ತಾತೆವಾತ್ಸಿ ಅಂಬೋ ದೊಡ್ಡ ಪಂಡಿತರು ಕಲಸ್ತಿದ್ರು, ಹಸ್ತಪ್ರತಿ ಬರೀತಿದ್ರು ಚಿತ್ರ ಹಾಕ್ತಿದ್ರು, ಅವರ ಸಮಾಧಿ ಚರ್ಚಿನ ಗ್ವಾಡಿಗೆ ಹತ್ತೇ ಐತಿ. ಅಂಗಳದಾಗ ಗವಜಾನ್ ಅಂತ ಕಲ್ಲಿನ ಕಂಬ, ಎಂಟು ಮೀಟರ್ ಎತ್ತರ, ಬುಡದಾಗ ಕೀಲು ಇಟ್ಟು ನಿಲ್ಲಿಸ್ಯಾರ, ದೂಡಿದ್ರ ಜರಾ ತೂಗಿ ಮತ್ತ ನೆಟ್ಟಗ ಆಗ್ತಿತ್ತಂತ, ಭೂಕಂಪ ಬಂದ್ರ ಇಲ್ಲಾ ಶತ್ರು ಸೈನ್ಯ ಕುದುರಿ ಮ್ಯಾಲ ಬಂದ್ರ ಗೊತ್ತಾಗಲಿ ಅಂತ. ಈಗ ಮುಟ್ಟಾಕ ಬಿಡಂಗಿಲ್ಲ. ಗೋಲಗುಮ್ಮಟದಾಗ ಚಪ್ಪಾಳಿ ಹೊಡದು ಸೀಟಿ ಹಾಕಿ ರೂಢಿಯಾದ ನಮ್ಮ ಮಂದಿಗೆ ಇದು ಕಷ್ಟ, ಭಾವನ ಕೈ ನಾನ ಹಿಡಕೊಂಡು ನಿಂತಿದ್ದೆ. ಮಠದ ಬಾಜೂ ಹಳೇ ಎಣ್ಣಿ ಗಾಣ ಐತಿ, ರಿಪೇರಿ ಮಾಡಿ ಇಟ್ಟಾರ, ದೊಡ್ಡ ಕಲ್ಲು, ಕಟಗಿ ತಿರುಪಿನ ಒತ್ತಡದ ಮಶೀನು, ಎಲ್ಲಾರೂ ಚರ್ಚ್ ನೋಡಿ ಹೊಳ್ಳಿ ಬರ್ತಾರ, ಅವ್ವ ಮಾತ್ರ ಅಲ್ಲೇ ನಿಂತ್ಲು, ಆಕಿ ತವರುಮನ್ಯಾಗ ಕುಸುಬಿ ಗಾಣ ಇತ್ತು.

ಖ್ನ್‌ಝೋರೆಸ್ಕ್ ಅಂದ್ರ ಗೋರಿಸ್ ಪೂರ್ವಕ್ಕ ಇರೋ ಗುಹಾದ ಹಳ್ಳಿ, 1950ರ ದಶಕದ ತನಕ ಮಂದಿ ಇದ್ರು ಅಲ್ಲಿ, ಆಮ್ಯಾಲ ಮ್ಯಾಲ ಬಯಲಿಗೆ ಹೊಸಾ ಹಳ್ಳಿ ಕಟ್ಟಿಕೊಂಡು ಹೋದ್ರು. 2012ರಾಗ ಕಣಿವಿಗೆ ತೂಗು ಸೇತುವಿ ಹಾಕ್ಯಾರ, 160 ಮೀಟರ್ ಉದ್ದ, 63 ಮೀಟರ್ ಎತ್ತರ. ಮೆಟ್ಟಿಲು ಭಾಳ, ಇಳಿಯೋದು ಸಸಾರ, ವಾಪಸ್ ಏರೋದು ತ್ರಾಸ, ಮಣಕಾಲು ನೋವಿದ್ದೋರು ಮ್ಯಾಲಿನ ಕಟ್ಟಿ ಮ್ಯಾಲ ಕುಂತು ನೋಡೋದು ಬೆಟರ್, ಅಲ್ಲಿಂದನೂ ಪೂರಾ ಕಾಣ್ತೈತಿ.

ಅಲ್ಲಿಂದ ಮುಂದ ಅಜರ್‌ಬೈಜಾನ್ ಗಡಿ. ಡ್ರೈವರ್ ಗಾಡಿ ನಿಲ್ಲಿಸಿ ಕೈ ಮಾಡಿ ತೋರಿಸಿದ, ಆ ರೋಡ ಲಾಚಿನ್ ಕಡಿ ಹೋಗ್ತಿತ್ತು, ಅಜರ್‌ಬೈಜಾನ್ ಒಳಗ ಅರ್ಮೇನಿಯನ್ ಮಂದಿ ಇದ್ದ ನಾಗೋರ್ನೋ ಕಾರಾಬಾಖ್ ಸೀಮಿಗೆ. 2022ರ ಡಿಸೆಂಬರ್‌ದಿಂದ ಆ ರೋಡು ಬಂದ್ ಆಗಿ ಒಳಗಿನ ಮಂದಿಗೆ ಊಟ ಔಷಧಿ ತ್ರಾಸ ಆತು, 2023ರ ಸೆಪ್ಟೆಂಬರ್‌ದಾಗ ಅಜರ್‌ಬೈಜಾನ್ ಸೈನ್ಯ ಹೊಕ್ಕ ಮ್ಯಾಲ ಒಂದ ವಾರದ ಆಜೂಬಾಜೂದಾಗ 1 ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ ಮಂದಿ ಮನಿ ಬಿಟ್ಟು ಇದ ರೋಡಿನ ಮ್ಯಾಲ ಬಂದ್ರು. ಮೊದಲು ಸಿಗೋ ಊರು ಗೋರಿಸ್. ಊರಿನ ಜನಸಂಖ್ಯೆನ 20 ಸಾವಿರದಷ್ಟು, ಲೆಕ್ಕ ಹಾಕ್ರಿ. ನಮ್ಮ ತಾತಿಕ್ ಮನ್ಯಾಗ ನಾವು ಮಲಗಿದ್ದ ಅದ ರೂಮಿನೊಳಗ ಆವಾಗ ಒಂದ ಕುಟುಂಬ ಇತ್ತಂತ, ರೊಕ್ಕ ತಗೊಂಡಿಲ್ಲ ಆಕಿ. ಇದನ್ನ ಆಕಿ ಹೇಳಲಿಲ್ಲ, ಡ್ರೈವರ್ ಹೇಳಿದ. ಅಕ್ಕ ಆ ರಾತ್ರಿ ತಾತಿಕ್‌ನ ಕೂಡ ಅಡ್ಗಿಮನ್ಯಾಗ ಭಾಳ ಹೊತ್ತು ಕುಂತಿದ್ಲು, ಭಾಷಾ ಬರಂಗಿಲ್ಲ ಇಬ್ಬರಿಗೂ, ಕಾಳು ಆರಿಸ್ಕೋತ.

ಕೊರತಿ ಹೇಳದಿದ್ರ ರಿವ್ಯೂ ಅಲ್ಲ. ಬಾತ್‌ರೂಮ್ ಒಂದ, ಎರಡೂ ರೂಮಿಗೆ ಸೇರಿ, ಅದೂ ಕೆಳಗ, ರಾತ್ರಿ ಎದ್ರ ಕಲ್ಲಿನ ಮೆಟ್ಟಿಲು ಇಳೀಬೇಕು, ವಯಸ್ಸಾದೋರಿಗೆ ಕಷ್ಟ. ಗೀಝರ್ ಸಣ್ಣದು, ಇಬ್ಬರ ಸ್ನಾನಕ್ಕ ತಣ್ಣಗ ಆಗ್ತೈತಿ, ಮೂರನೇದವರು ಅರ್ಧ ತಾಸು ಕಾಯಬೇಕು. ಬಕೆಟ್ ಚರಿಗಿ ಕೇಳಿದ್ರ ಹಿತ್ತಲದಾಗಿಂದ ಹುಡುಕಿ ಕೊಡ್ತಾರ. ವೈಫೈ ಬಾಲ್ಕನ್ಯಾಗ ಮಾತ್ರ. ಇಂಗ್ಲಿಷ್ ಒಟ್ಟ ಇಲ್ಲ, ಗೂಗಲ್ ಟ್ರಾನ್ಸ್‌ಲೇಟ್ ಅರ್ಮೇನಿಯನ್ ಡೌನ್‌ಲೋಡ್ ಮಾಡಿಕೊಂಡು ಹೋಗ್ರಿ, ಇಲ್ಲಾ ನಿಮ್ಮ ಮಕ್ಕಳನ್ನ ಕರ್ಕೊಂಡು ಹೋಗ್ರಿ, ಹ್ಯಾಂಗೂ ಫೀ ಕಟ್ಟೀರಿ.

ಹೋಗೋದಾದ್ರ ಎರಡು ರಾತ್ರಿ ಇಟ್ಟುಕೊಳ್ರಿ, ಮೇದಿಂದ ಅಕ್ಟೋಬರ್ ಛಲೋ, ಚಳಿಗಾಲದಾಗ ಘಾಟ್‌ನ್ಯಾಗ ಹಿಮ ಬಿದ್ದು ರೋಡು ಬಂದ್ ಆಗಬಹುದು. ಸ್ವಂತ ಗಾಡಿ ಬ್ಯಾಡ ಅನ್ನೋರಿಗೆ ಯೆರೆವಾನ್‌ದಿಂದ ಮರ್ಶ್ರುತ್ಕಾ ಅಂತ ವ್ಯಾನ್ ಬರ್ತಾವ, ಸೋವಿ, ಸೀಟು ಇಕ್ಕಟ್ಟು, ಮುಂಜಾನಿ ಲಗೂ ಹೋದ್ರ ಸಿಗ್ತಾವ. ದಕ್ಷಿಣಕ್ಕ ಕಾಪಾನ್, ಮೆಘ್ರಿ ಕಡಿ ಹೋಗೋ ವಿಚಾರ ಇದ್ರ ಗೋರಿಸ್ ಕಾಪಾನ್ ನಡುವಿನ ಹಳೇ ರೋಡು ಹಿಡೀಬ್ಯಾಡ್ರಿ, ಅದರ ಕೆಲವು ತುಂಡು 2020ರ ಯುದ್ಧ ಆದಮ್ಯಾಲ ಅಜರ್‌ಬೈಜಾನ್ ಕೈಯಾಗ ಅದಾವ, ಈಗ ಎಲ್ಲಾ ಗಾಡಿ ತಾತೆವ್ ಮ್ಯಾಲಿಂದ ಹೋಗೋದು, ಮ್ಯಾಪ್ ಏನರ ತೋರಿಸಲಿ ಡ್ರೈವರ್‌ನ ಕೇಳಿ ಹೊರಡ್ರಿ. ಮಂದಿಗೆ ಕೊಡಾಕ ಏನರ ತರಬೇಕಂದ್ರ ದೊಶಾಬ್ ತರ್ರಿ, ಬಾಟ್ಲಿ ಚೆಕ್‌ಇನ್ ಬ್ಯಾಗಿನ್ಯಾಗ ಹಾಕ್ರಿ, ಕೈಚೀಲದಾಗ ಬಿಡಂಗಿಲ್ಲ.